ಸಪ್ರೆಸರಿನ ಸದ್ದು: ಒಂದು ಮಾಪನ, ಎರಡು ತಪ್ಪು ತೀರ್ಮಾನ

ಇದು ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ಶೂಟಿಂಗ್ ಕ್ಲಬ್ಬಿನ ಪ್ರಕರಣ. ಊರು, ಕ್ಲಬ್ಬು, ವ್ಯಕ್ತಿಗಳು, ಸಪ್ರೆಸರ್ (ಬಂದೂಕಿನ ನಳಿಗೆಯ ತುದಿಗೆ ಸಿಕ್ಕಿಸುವ, ಜನ ಸೈಲೆನ್ಸರ್ ಎನ್ನುವ ಸಲಕರಣೆ) ತಯಾರಿಸಿದ ಕಂಪನಿಗಳು, ಇವುಗಳ ಹೆಸರನ್ನೆಲ್ಲ ಬಿಟ್ಟಿದ್ದೇನೆ. ಗುರುತು ಹತ್ತುವಂಥ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಅಂಕಿಗಳನ್ನು ಪೂರ್ಣಾಂಕಕ್ಕೆ ತಂದಿದ್ದೇನೆ. ಕಾರ್ಖಾನೆಗಳಲ್ಲಿ ಶಬ್ದ ಅಳೆಯುವುದು ನನ್ನ ವೃತ್ತಿ. ಪ್ರೆಸ್‌ಗಳು, ಫೋರ್ಜಿಂಗ್ ಸುತ್ತಿಗೆಗಳು, ಕಂಪ್ರೆಸರ್‌ಗಳ ನಡುವೆಯೇ ನನ್ನ ದಿನ ಕಳೆಯುತ್ತದೆ. ಬಂದೂಕಿನ ಲೋಕ ನನ್ನದಲ್ಲ. ಆ ಕ್ಲಬ್ಬಿನ ಸದಸ್ಯರಾದ ಸಹೋದ್ಯೋಗಿಯೊಬ್ಬರು ಕರೆದದ್ದರಿಂದ ಹೋದೆ.

ಹಿನ್ನೆಲೆ

ಸಿನಿಮಾದಲ್ಲಿ ಸೈಲೆನ್ಸರ್ ಹಾಕಿದ ಪಿಸ್ತೂಲು ಪಕ್ಕದ ಕೋಣೆಯವರಿಗೂ ಕೇಳಿಸುವುದಿಲ್ಲ. ವಾಸ್ತವದಲ್ಲಿ ಅಂಥ ಮಾಯೆ ಏನೂ ಇಲ್ಲ. ಗುಂಡು ನಳಿಗೆಯ ಬಾಯಿ ದಾಟಿದ ಕೂಡಲೇ ಅದರ ಹಿಂದಿದ್ದ ಬಿಸಿ ಅನಿಲ ಭಾರಿ ಒತ್ತಡದಲ್ಲಿ ಒಮ್ಮೆಲೇ ಹೊರಗೆ ನುಗ್ಗುತ್ತದೆ. ಸದ್ದು ಹುಟ್ಟುವುದು ಅಲ್ಲಿ. ಸಪ್ರೆಸರ್ ಎಂಬ ಕೊಳವೆ ಆ ಅನಿಲವನ್ನು ತನ್ನ ಒಳಗೋಡೆಗಳ ನಡುವೆ ಹಿಡಿದು, ತಣಿಸಿ, ನಿಧಾನವಾಗಿ ಬಿಡುತ್ತದೆ. ಕುಕ್ಕರಿನ ವೆಯ್ಟನ್ನು ಒಮ್ಮೆಲೇ ಕಿತ್ತರೆ ಆಗುವ ಭುಸ್ಸಿಗೂ ಮೆಲ್ಲಗೆ ಎತ್ತಿದಾಗ ಹೊರಡುವ ಹಬೆಗೂ ಇರುವ ವ್ಯತ್ಯಾಸವೇ ಇಲ್ಲಿಯೂ ಇರುವುದು. ರೈಫಲ್ಲಿನ ಸದ್ದು ಸಾಮಾನ್ಯವಾಗಿ 20ರಿಂದ 35 ಡೆಸಿಬೆಲ್‌ನಷ್ಟು ತಗ್ಗುತ್ತದೆ. ಆದರೂ ಅದು ದೊಡ್ಡ ಸದ್ದೇ.

ಹೈರಮ್ ಪರ್ಸಿ ಮ್ಯಾಕ್ಸಿಮ್ 1909ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಮೆಷಿನ್ ಗನ್ ಕಂಡುಹಿಡಿದ ಮ್ಯಾಕ್ಸಿಮ್ ಇವರ ತಂದೆ. ಅಪ್ಪ ಎಬ್ಬಿಸಿದ ಗದ್ದಲವನ್ನು ಮಗ ಅಡಗಿಸಲು ಹೊರಟರು ಎಂದು ಯಾರಾದರೂ ಚೇಷ್ಟೆ ಮಾಡಿದರೆ ತಪ್ಪೇನಿಲ್ಲ. ಅಮೆರಿಕ 1934ರ ಕಾಯ್ದೆಯಡಿ ಇದನ್ನು ಮೆಷಿನ್ ಗನ್ನಿನ ಪಟ್ಟಿಗೆ ಸೇರಿಸಿ 200 ಡಾಲರ್ ತೆರಿಗೆ ಹಾಕಿತು. 2026ರ ಜನವರಿ 1ರಿಂದ ತೆರಿಗೆ ಸೊನ್ನೆಗಿಳಿದಿದೆ, ನೋಂದಣಿ ಮಾತ್ರ ಹಾಗೆಯೇ ಉಳಿದಿದೆ. ನಾರ್ವೆ, ಫಿನ್‌ಲ್ಯಾಂಡ್‌ಗಳ ಬೇಟೆಗಾರರಿಗೆ ಇದು ಸಾಮಾನ್ಯ ಸಲಕರಣೆ.

ಕ್ಲಬ್ಬಿನಲ್ಲಿ ಸಪ್ರೆಸರ್ ಇಟ್ಟುಕೊಂಡ ಸದಸ್ಯರು ಹೆಚ್ಚುತ್ತಾ ಹೋದಂತೆ ಮೂರು ದಿಕ್ಕಿನಿಂದ ಮಾತು ಎದ್ದಿತು. ಕಿವಿ ಮುಚ್ಚುವ ಇಯರ್‌ಮಫ್ ತೆಗೆದು ಗುಂಡು ಹಾರಿಸಲು ಬಿಡಿ ಎಂದರು ಕೆಲವರು. ಗುಂಡು ಹಾರಿಸುವ ಜಾಗದ, ಅಂದರೆ ರೇಂಜಿನ, ಸುತ್ತಲಿನ ಎರಡು ಮನೆಯವರು ಸದ್ದಿನ ಬಗ್ಗೆ ಬಹಳ ಕಾಲದಿಂದ ದೂರುತ್ತಿದ್ದರು. ಎಲ್ಲರೂ ಸಪ್ರೆಸರ್ ಹಾಕಿಕೊಂಡರೆ ಅವರ ಬಾಯಿ ಮುಚ್ಚುತ್ತದೆ ಎಂದರು ಇನ್ನು ಕೆಲವರು. ಮೂರನೆಯದು, ಸದಸ್ಯರೂ ಆಗಿದ್ದ ಒಬ್ಬ ವ್ಯಾಪಾರಿಯ ಅಂಗಡಿಯಲ್ಲಿದ್ದ ‘30 ಡೆಸಿಬೆಲ್ ಕಡಿತ’ ಎಂಬ ಫಲಕ. ಇದು ಸುಳ್ಳು ಜಾಹೀರಾತು ಎಂದು ಒಂದಿಬ್ಬರು ಗೊಣಗುತ್ತಿದ್ದರು. ಸುರಕ್ಷತಾ ಸಮಿತಿ ಇದಕ್ಕೆಲ್ಲ ಒಂದೇ ಮದ್ದು ಎಂದು ತೀರ್ಮಾನಿಸಿತು: ಅಳೆದುಬಿಡೋಣ.

ಸಮಿತಿಯ ಮಾಪನ

ಕಾರ್ಯದರ್ಶಿಯವರ ಹತ್ತಿರ ಒಳ್ಳೆಯ ಕಂಪನಿಯ ಕೈಮಾಪಕವೊಂದು ಇತ್ತು. ಮಾಪಕ ಸರಿಯಾಗಿ ಓದುತ್ತದೆ ಎನ್ನುವ ಕ್ಯಾಲಿಬ್ರೇಷನ್ ಪ್ರಮಾಣಪತ್ರವೂ ಚಾಲ್ತಿಯಲ್ಲಿತ್ತು. ಗುಂಡು ಹಾರಿಸುವವರ ಪಕ್ಕದಲ್ಲಿ, ತಗಡಿನ ಚಾವಣಿಯ ಕೆಳಗೆ ಮಾಪಕವನ್ನು ಸ್ಟ್ಯಾಂಡಿಗೆ ಸಿಕ್ಕಿಸಿದರು. ಸಪ್ರೆಸರ್ ಇಲ್ಲದೆ .308 (ಗುಂಡಿನ ಅಳತೆ) ರೈಫಲ್ ಹಾರಿಸಿದಾಗ 130 ಡೆಸಿಬೆಲ್ ಬಂತು. ಉದ್ದನೆಯ ಸಪ್ರೆಸರ್ ಹಾಕಿದಾಗ 112.

ಈ ಎರಡು ಅಂಕಿಗಳಿಂದ ಸಮಿತಿ ಎರಡು ತೀರ್ಮಾನಕ್ಕೆ ಬಂತು. ಕಡಿತ 18 ಮಾತ್ರ, ಆದ್ದರಿಂದ ವ್ಯಾಪಾರಿಯ ಫಲಕ ಸುಳ್ಳು. ಎರಡನೆಯದು ಇನ್ನೂ ಗಂಭೀರ: ಹಠಾತ್ ಸದ್ದಿಗೆ ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮ ಹೇಳುವ ಮಿತಿ 140 ಡೆಸಿಬೆಲ್, 112 ಅದಕ್ಕಿಂತ ಎಷ್ಟೋ ಕೆಳಗಿದೆ, ಆದ್ದರಿಂದ ಸಪ್ರೆಸರ್ ಇದ್ದರೆ ಇಯರ್‌ಮಫ್ ಬೇಡ. ನಿಯಮದ ತಿದ್ದುಪಡಿ ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಯೂ ಆಗಿತ್ತು.

ನನ್ನ ಸಹೋದ್ಯೋಗಿಗೆ ಎಲ್ಲೋ ಅನುಮಾನ. “ಬರಿಯ .308 ರೈಫಲ್ 130 ಅಷ್ಟೇ ಇರಲು ಸಾಧ್ಯವೇ? ಎದೆ ನಡುಗುತ್ತದಲ್ಲ!” ಎಂದರು. ಅವರ ಎದೆಯ ಸಾಕ್ಷಿ ಸರಿಯಾಗಿತ್ತು. ಅಂಥ ರೈಫಲ್ಲಿನ ನಳಿಗೆಯ ಬಳಿ 160 ಡೆಸಿಬೆಲ್‌ಗಿಂತ ಹೆಚ್ಚು ಬರಬೇಕು. ಪ್ರತಿ 20 ಡೆಸಿಬೆಲ್‌ಗೆ ಒತ್ತಡ ಹತ್ತು ಪಟ್ಟು. 140 ಎಂದರೆ 200 ಪಾಸ್ಕಲ್, 160 ಎಂದರೆ 2,000.

ಕಾರ್ಯದರ್ಶಿ ಪ್ರಾಮಾಣಿಕ ಮನುಷ್ಯ. ಮುಂದೆ ಯಾರೂ ಪ್ರಶ್ನಿಸಬಾರದೆಂದು ಪ್ರತಿ ಗುಂಡಿನ ನಂತರ ಮಾಪಕದ ಪರದೆಯ ಫೋಟೊ ತೆಗೆದಿಟ್ಟಿದ್ದರು. ಆ ಫೋಟೊಗಳನ್ನು ತರಿಸಿಕೊಂಡು ದೊಡ್ಡದು ಮಾಡಿ ನೋಡಿದೆ. ಬರಿಯ ರೈಫಲ್ಲಿನ ಪ್ರತಿ ಫೋಟೊದಲ್ಲೂ ಮೇಲಿನ ಬಲಮೂಲೆಯಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ಓವರ್‌ಲೋಡ್ ಗುರುತು. ಮಾಪಕದ ಗರಿಷ್ಠ ಮಿತಿಯೇ 130. ಅದು ಸದ್ದನ್ನು ಅಳೆದಿರಲಿಲ್ಲ. ತನ್ನ ಕೈಲಾಗುವುದು ಇಷ್ಟೇ ಎಂದು ಹೇಳಿತ್ತು. ಎಡಮೂಲೆಯಲ್ಲಿ ‘ಫಾಸ್ಟ್’ ಎಂಬ ಸೂಚನೆಯೂ ಇತ್ತು. ಪ್ರಕರಣ ತಿರುಗಿದ್ದು ಈ ಫೋಟೊಗಳಲ್ಲಿ.

ಹೆಸರು ಫಾಸ್ಟ್ ಆದರೂ ಆ ಸ್ಥಿತಿಯಲ್ಲಿ ಮಾಪಕದ ಕಾಲಸ್ಥಿರಾಂಕ, ಅಂದರೆ ಅದು ಸದ್ದನ್ನು ಸರಾಸರಿ ಮಾಡುವ ಅವಧಿ, 125 ಮಿಲಿಸೆಕೆಂಡು. ಮಾತು, ವಾಹನ, ಯಂತ್ರಗಳ ಸದ್ದಿಗೆ ಅದು ಸರಿ. ಗುಂಡಿನ ಸ್ಫೋಟದ ತರಂಗ ಕೆಲವೇ ಮೈಕ್ರೊಸೆಕೆಂಡುಗಳಲ್ಲಿ ಶಿಖರಕ್ಕೇರಿ ಒಂದೆರಡು ಮಿಲಿಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಒಂದು ಮಿಲಿಸೆಕೆಂಡಿನ ಸದ್ದಿಗೆ ಫಾಸ್ಟ್ ಸ್ಥಿತಿಯ ಮಾಪಕ ನಿಜಕ್ಕಿಂತ 21 ಡೆಸಿಬೆಲ್ ಕಡಿಮೆ ತೋರಿಸುತ್ತದೆ. ಇದು ದೋಷವಲ್ಲ, ಅಂತರರಾಷ್ಟ್ರೀಯ ಮಾನದಂಡವೇ ಹಾಗೆ ನಿಗದಿ ಮಾಡಿದೆ. ಮಾಪಕ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಮಿತಿಯ 140 ಶಿಖರದ ಅಂಕಿ. ಸಮಿತಿಯ 112 ಸರಾಸರಿಯ ಜಾತಿಗೆ ಸೇರಿದ ಅಂಕಿ. ಎರಡಕ್ಕೂ ಡೆಸಿಬೆಲ್ ಎಂದೇ ಹೆಸರಿದ್ದರಿಂದ ಹೋಲಿಸಿಬಿಟ್ಟರು.

ಅಂದರೆ ಬರಿಯ ರೈಫಲ್ಲಿನ ಅಂಕಿ ಮಿತಿಗೆ ತಾಗಿ ಕುಗ್ಗಿತ್ತು, ಸಪ್ರೆಸರಿನದು ನಿಧಾನಗತಿಯಿಂದ ಕುಗ್ಗಿತ್ತು. ಕುಗ್ಗಿದ ಪ್ರಮಾಣ ಬೇರೆ ಬೇರೆ. ವ್ಯತ್ಯಾಸ ತೆಗೆದಾಗ ಸಪ್ರೆಸರ್ ನಿಜಕ್ಕಿಂತ ಕಳಪೆಯಾಗಿ ಕಂಡಿತು. ನೇರ ಅಂಕಿ ನೋಡಿದಾಗ ನಿಜಕ್ಕಿಂತ ಸೌಮ್ಯವಾಗಿ ಕಂಡಿತು. ವ್ಯಾಪಾರಿಗೂ ಅನ್ಯಾಯ, ಕಿವಿಗೂ ಅನ್ಯಾಯ.

ಇದನ್ನು ವಿವರಿಸಿದಾಗ ಸಮಿತಿಯಲ್ಲಿ ಒಬ್ಬರು ಕ್ಯಾಲಿಬ್ರೇಷನ್ ಪ್ರಮಾಣಪತ್ರ ತೋರಿಸಿ ವಾದಿಸಿದರು. ಅಂಥ ಪರೀಕ್ಷೆಗೆ ಬಳಸುವ ಕ್ಯಾಲಿಬ್ರೇಟರ್ ಕೊಡುವುದು 94 ಇಲ್ಲವೇ 114 ಡೆಸಿಬೆಲ್‌ನ, ಒಂದೇ ಸಮನೆ ಕೂಗುವ ಸ್ವರ. ಅದನ್ನು ಸರಿಯಾಗಿ ಓದಿದ ಮಾಪಕ ಗುಂಡಿನ ಸದ್ದನ್ನೂ ಸರಿಯಾಗಿ ಓದುತ್ತದೆ ಎನ್ನಲು ಆಧಾರವಿಲ್ಲ. ಅಧ್ಯಕ್ಷೆ ನಿವೃತ್ತ ನರ್ಸ್. ಅವರು ಕೂಡಲೇ ತಿದ್ದುಪಡಿಯನ್ನು ಕಾರ್ಯಸೂಚಿಯಿಂದ ಕೈಬಿಟ್ಟರು. ಹೊಸ ಮಾಪನ ಬರುವ ತನಕ ಯಾರೂ ಇಯರ್‌ಮಫ್ ತೆಗೆಯುವಂತಿಲ್ಲ ಎಂದರು. ಇಡೀ ಪ್ರಕರಣದಲ್ಲಿ ಅತ್ಯಂತ ಒಳ್ಳೆಯ ನಿರ್ಧಾರ ಇದೇ ಎಂಬುದು ನನ್ನ ಅಭಿಪ್ರಾಯ. ಹೊಸ ಅಂಕಿ ಒಂದೂ ಇಲ್ಲದಾಗ, ಹಳೆಯ ಅಂಕಿಯ ಮೇಲಿನ ನಂಬಿಕೆ ಹೋಗಿದೆ ಎಂಬ ಒಂದೇ ಕಾರಣಕ್ಕೆ ತೆಗೆದುಕೊಂಡ ನಿರ್ಧಾರ ಅದು.

ಮತ್ತೆ ಅಳೆಯುವ ಮುನ್ನ

ಅಧ್ಯಕ್ಷೆಯವರನ್ನು ಮೊದಲು ಕೇಳಿದ್ದು: ನಿಮಗೆ ಬೇಕಾದ ಉತ್ತರ ಯಾವುದು? ಶೂಟರ್‌ನ ಕಿವಿಗೆ ಏನಾಗುತ್ತದೆ ಎಂಬುದೇ, ಸಪ್ರೆಸರ್ ಎಷ್ಟು ಒಳ್ಳೆಯದು ಎಂಬುದೇ, ನೆರೆಯವರಿಗೆ ಏನು ಕೇಳಿಸುತ್ತದೆ ಎಂಬುದೇ? ಮೂರೂ ಬೇಕು ಎಂದರು. ಹಾಗಾದರೆ ಮೈಕ್ರೊಫೋನ್ ಮೂರು ಕಡೆ ಇರಬೇಕು, ಮೂರು ಪಟ್ಟಿ ಬರೆಯಬೇಕು, ಒಂದರ ಅಂಕಿ ಇನ್ನೊಂದಕ್ಕೆ ಸಲ್ಲುವುದಿಲ್ಲ ಎಂದು ಮೊದಲೇ ಒಪ್ಪಿಗೆ ಮಾಡಿಕೊಂಡೆವು. ಬರವಣಿಗೆಯಲ್ಲಿ.

ಸಲಕರಣೆಯನ್ನು ಬಾಡಿಗೆಗೆ ತಂದೆವು. ಕಾಲು ಇಂಚಿನ ಪ್ರೆಷರ್ ಮೈಕ್ರೊಫೋನ್, 170 ಡೆಸಿಬೆಲ್‌ವರೆಗೂ ವಿಕೃತಗೊಳ್ಳದಂಥದ್ದು. ಅದರ ಸಂಕೇತವನ್ನು ಸೆಕೆಂಡಿಗೆ 2 ಲಕ್ಷಕ್ಕಿಂತ ಹೆಚ್ಚು ಬಾರಿ ದಾಖಲಿಸುವ ರೆಕಾರ್ಡರ್. ಅಮೆರಿಕದ ಸೇನಾ ಮಾನದಂಡ ಕೇಳುವುದು 20 ಮೈಕ್ರೊಸೆಕೆಂಡಿಗಿಂತ ವೇಗವಾಗಿ ಏಳಬಲ್ಲ ಉಪಕರಣವನ್ನು. ಸಾಮಾನ್ಯ ಆಡಿಯೊ ರೆಕಾರ್ಡರ್ 48 ಕಿಲೊಹರ್ಟ್ಸ್‌ನಲ್ಲಿ ಎರಡು ಬಿಂದುಗಳ ನಡುವೆಯೇ ಅಷ್ಟು ಸಮಯ ಕಳೆದುಬಿಡುತ್ತದೆ. ಶಿಖರ ಆ ಸಂದಿಯಲ್ಲಿ ಕೂತಿದ್ದರೆ ಸಿಕ್ಕುವುದೇ ಇಲ್ಲ. ಮೊಬೈಲ್ ಆ್ಯಪ್‌ಗಳ ಮಾತನ್ನು ಎತ್ತುವುದೇ ಬೇಡ.

ಕಾನೂನಿನ ತೊಡಕೂ ಇತ್ತು. ಸಪ್ರೆಸರ್ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರು ಅದನ್ನು ಬೇರೆಯವರ ಬಳಿ ಬಿಟ್ಟುಹೋಗುವಂತಿಲ್ಲ. ಆದ್ದರಿಂದ ಪ್ರತಿಯೊಬ್ಬ ಮಾಲೀಕರೂ ತಮ್ಮ ಸರದಿಯಲ್ಲಿ ಖುದ್ದಾಗಿ ನಿಲ್ಲಬೇಕಾಯಿತು. ಇದಲ್ಲದೆ, ಕೆಲಸದ ವೀಸಾದಲ್ಲಿರುವವರು, ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿಗಳು ಇಲ್ಲದಿದ್ದರೆ, ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನಲ್ಲಿ ಅಪರಾಧ. ವಾರಾಂತ್ಯದಲ್ಲಿ ಗೆಳೆಯರ ಜೊತೆ ರೇಂಜಿಗೆ ಹೋಗಿ ಫೋಟೊ ಹಾಕಿಕೊಳ್ಳುವ ನಮ್ಮ ಕನ್ನಡದ ಹುಡುಗರಲ್ಲಿ ಅನೇಕರಿಗೆ ಇದರ ಅರಿವಿಲ್ಲ. ನಾನು ಮೈಕ್ರೊಫೋನಿನ ಕಡೆಗಷ್ಟೇ ಉಳಿದೆ.

ಎಲ್ಲಕ್ಕಿಂತ ಹೆಚ್ಚು ಜಗಳವಾದದ್ದು ಜಾಗದ ಬಗ್ಗೆ. ಮಾನದಂಡದಂತೆ ನಳಿಗೆ ನೆಲದಿಂದ 1.6 ಮೀಟರ್ ಎತ್ತರದಲ್ಲಿರಬೇಕು, ಮೈಕ್ರೊಫೋನ್ ಅದೇ ಎತ್ತರದಲ್ಲಿ ನಳಿಗೆಯ ಬಾಯಿಂದ ಎಡಕ್ಕೆ ನೇರ 1 ಮೀಟರ್ ದೂರದಲ್ಲಿರಬೇಕು, ಸುತ್ತ ಬಯಲಿರಬೇಕು. ಈ ಅಳತೆಯ ಹಿಂದೆ ಒಂದು ಲೆಕ್ಕವಿದೆ. ನೇರವಾಗಿ ಬರುವ ಸದ್ದು 1 ಮೀಟರ್ ಸಾಗುತ್ತದೆ. ನೆಲಕ್ಕೆ ಬಡಿದು ಬರುವ ಸದ್ದು ಸುಮಾರು 3.35 ಮೀಟರ್. ಸದ್ದು ಸೆಕೆಂಡಿಗೆ 343 ಮೀಟರ್ ಹೋಗುತ್ತದೆ ಎಂದರೆ ಮಾರ್ದನಿ 7 ಮಿಲಿಸೆಕೆಂಡು ತಡವಾಗಿ ಬರುತ್ತದೆ. ಅಷ್ಟರಲ್ಲಿ ಮೊದಲ ಸ್ಫೋಟದ ಶಿಖರ ದಾಖಲಾಗಿ ಮುಗಿದಿರುತ್ತದೆ.

ಕ್ಲಬ್ಬಿನ ಚಾವಣಿಯ ಕೆಳಗೆ ಈ ಅನುಕೂಲವಿಲ್ಲ. ತಲೆಯ ಮೇಲೆ ತಗಡು, ಮುಂದೆ ಮರದ ಬೆಂಚು, ಪಕ್ಕದಲ್ಲಿ ಪ್ಲೈವುಡ್ ವಿಭಜಕ. ವಿಭಜಕದಿಂದ ಒಂದು ಗೇಣು ದೂರದಲ್ಲಿ ಮೈಕ್ರೊಫೋನ್ ಇಟ್ಟರೆ ಮಾರ್ದನಿ ಒಂದೂವರೆ ಮಿಲಿಸೆಕೆಂಡು ಕಳೆಯುವ ಮೊದಲೇ ಬಂದು ಮೂಲದ ಮೇಲೆ ಕೂರುತ್ತದೆ. ಸಪ್ರೆಸರ್ ಹಾಕಿದಾಗ ಈ ತೊಂದರೆ ಹೆಚ್ಚು. ಅನಿಲವನ್ನು ನಿಧಾನವಾಗಿ ಬಿಡುವುದೇ ಅದರ ಕೆಲಸವಾದ್ದರಿಂದ ಸದ್ದು ಎಳೆದುಕೊಳ್ಳುತ್ತದೆ, ಎಳೆದಷ್ಟೂ ಮಾರ್ದನಿಯ ಜೊತೆ ಬೆರೆಯುತ್ತದೆ. ಆದ್ದರಿಂದ ಚಾವಣಿಯ ಕೆಳಗಿನ ಹೋಲಿಕೆ ಸಪ್ರೆಸರಿನ ವಿರುದ್ಧ ವಾಲುತ್ತದೆ.

ಬಯಲಿನಲ್ಲೇ ಅಳೆಯಿರಿ ಎಂದರು ವ್ಯಾಪಾರಿ. “ನಮ್ಮ ಕಿವಿಗಳು ಬಯಲಿನಲ್ಲಿ ಇಲ್ಲ, ಈ ತಗಡಿನ ಕೆಳಗಿವೆ” ಎಂದರು ಅಧ್ಯಕ್ಷೆ. ಇಬ್ಬರೂ ಸರಿ. ವ್ಯಾಪಾರಿ ಕೇಳುತ್ತಿದ್ದದ್ದು ಸಪ್ರೆಸರಿನ ಗುಣ. ಅಧ್ಯಕ್ಷೆ ಕೇಳುತ್ತಿದ್ದದ್ದು ಕಿವಿಯ ಗತಿ. ಬರವಣಿಗೆಯ ಒಪ್ಪಿಗೆ ಕೆಲಸಕ್ಕೆ ಬಂದದ್ದು ಈ ಹೊತ್ತಿನಲ್ಲಿ: ಎರಡೂ ಕಡೆ ಅಳೆದೆವು.

ಏನು ಸಿಕ್ಕಿತು

ಬಯಲಿನಲ್ಲಿ, ನಳಿಗೆಯ ಪಕ್ಕದಲ್ಲಿ, ಪ್ರತಿ ಗುಂಡಿಗೂ ಕೈಯಿಂದಲೇ ತೋಟಾ ತುಂಬುವ ಬೋಲ್ಟ್ ರೈಫಲ್ .308 ಸಪ್ರೆಸರ್ ಇಲ್ಲದೆ 166. ಉದ್ದನೆಯ ಸಪ್ರೆಸರ್ ಹಾಕಿದಾಗ 136. ಫಲಕದ 30 ಸರಿಯಾಗಿಯೇ ಇತ್ತು. ವ್ಯಾಪಾರಿ ಗೆದ್ದವರಂತೆ ಸುತ್ತ ನೋಡಿದರು. ಆದರೆ ಆ 136 ಎಲ್ಲ ಗುಂಡುಗಳದ್ದಲ್ಲ. ತಣ್ಣಗಿದ್ದ ಸಪ್ರೆಸರಿನ ಮೊದಲ ಗುಂಡು 140 ಮುಟ್ಟಿತ್ತು. ಕೊಳವೆಯೊಳಗೆ ಮೊದಲಿಗೆ ಗಾಳಿ ತುಂಬಿರುತ್ತದೆ. ಅದರ ಆಮ್ಲಜನಕ ಸಿಕ್ಕಿ, ಉರಿಯದೆ ಉಳಿದ ಅನಿಲ ಒಳಗೇ ಹೊತ್ತಿಕೊಳ್ಳುತ್ತದೆ. ಎರಡನೆಯ ಗುಂಡಿನ ಹೊತ್ತಿಗೆ ಆಮ್ಲಜನಕ ಮುಗಿದಿರುತ್ತದೆ. ಶೂಟರುಗಳು ಇದನ್ನು ‘ಫಸ್ಟ್ ರೌಂಡ್ ಪಾಪ್’ ಎನ್ನುತ್ತಾರೆ.

ಮೊದಲ ಗುಂಡನ್ನು ಲೆಕ್ಕದಿಂದ ಬಿಡಿ, ಅದು ಅಪವಾದ ಎಂದು ವ್ಯಾಪಾರಿ ಕೇಳಿದರು. ರೇಂಜಿನಲ್ಲಿ ಸಾಲಾಗಿ ಹಾರಿಸುವವರಿಗೆ ಆ ವಾದ ಹೊಂದೀತು. ಜಿಂಕೆ ಬೇಟೆಗೆಂದು ಸಪ್ರೆಸರ್ ಕೊಳ್ಳುವವನು ಒಂದು ಬೆಳಗಿಗೆ ಹಾರಿಸುವುದು ಒಂದೇ ಗುಂಡು. ಅವನ ಪಾಲಿಗೆ ಮೊದಲನೆಯದೇ ಎಲ್ಲವೂ. ಮೊದಲ ಗುಂಡಿನ ಅಂಕಿಯನ್ನು ಬೇರೆ ಸಾಲಿನಲ್ಲಿ ಬರೆದೆವು, ಸರಾಸರಿಗೆ ಸೇರಿಸಲಿಲ್ಲ, ಮರೆಮಾಚಲೂ ಇಲ್ಲ.

ನಿಜವಾದ ಅಚ್ಚರಿ 5.56 ಮಿಲಿಮೀಟರಿನ, ಮುಂದಿನ ತೋಟಾವನ್ನು ತಾನೇ ತುಂಬಿಕೊಳ್ಳುವ ಸೆಮಿ ಆಟೊಮ್ಯಾಟಿಕ್ ರೈಫಲ್. ಗಿಡ್ಡ ಸಪ್ರೆಸರ್ ಹಾಕಿದಾಗ ನಳಿಗೆಯ ಪಕ್ಕದಲ್ಲಿ 139. ಕಿವಿಯ ಹತ್ತಿರದ ಮೈಕ್ರೊಫೋನಿನಲ್ಲಿ 142! ಸದ್ದಿನ ಮೂಲದಿಂದ ದೂರ ಸರಿದಂತೆ ಅಂಕಿ ಏರಿತ್ತು. ಕ್ಲಬ್ಬಿನವರು ಉಪಕರಣ ಕೆಟ್ಟಿದೆ ಎಂದರು. ಕೆಟ್ಟಿರಲಿಲ್ಲ. ಸಪ್ರೆಸರ್ ಮುಂದೆ ಅನಿಲಕ್ಕೆ ಅಡ್ಡ ನಿಂತಾಗ ನಳಿಗೆಯೊಳಗೆ ಒತ್ತಡ ಹೆಚ್ಚು ಹೊತ್ತು ಉಳಿಯುತ್ತದೆ. ಈ ಜಾತಿಯ ರೈಫಲ್ಲಿನಲ್ಲಿ ಖಾಲಿ ತೋಟಾವನ್ನು ಹೊರಗೆಸೆಯುವ ಕಿಂಡಿ ಶೂಟರ್‌ನ ಬಲಗೆನ್ನೆಯ ಮುಂದೆಯೇ ಇದೆ. ಉಳಿದ ಅನಿಲ ಆ ಕಿಂಡಿಯಿಂದ ಸಿಡಿಯುತ್ತದೆ. ತರಂಗದ ಚಿತ್ರದಲ್ಲಿ ಎರಡು ಗುಡ್ಡಗಳು ಬೇರೆಬೇರೆಯಾಗಿಯೇ ಕಾಣುತ್ತಿದ್ದವು: ಮೊದಲನೆಯದು ನಳಿಗೆಯಿಂದ ಬಂದದ್ದು, ಎರಡನೆಯದು, ಎತ್ತರದ್ದು, ಕಿಂಡಿಯದು. ಆ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದ ಮೇಲೆ ವಾದ ನಿಂತಿತು. ಬೋಲ್ಟ್ ರೈಫಲ್ಲಿನಲ್ಲಿ ಅಂಥ ತೆರೆದ ಕಿಂಡಿ ಇಲ್ಲ, ಕಿವಿಯ ಬಳಿ 130 ಮಾತ್ರ. ತಗಡಿನ ಕೆಳಗೆ ಎರಡರ ಅಂಕಿಗಳೂ ಇನ್ನೂ ಎರಡರಿಂದ ನಾಲ್ಕು ಡೆಸಿಬೆಲ್ ಏರಿದವು.

ಬಯಲು, ನಳಿಗೆಯ ಪಕ್ಕ ಎಂಬ ಒಂದೇ ಪಟ್ಟಿ ಮಾಡಿದ್ದರೆ 5.56 ರೈಫಲ್ 140ರೊಳಗೆ ಇದೆ ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದೆವು. 140 ಎಂಬುದೂ ಸುರಕ್ಷಿತ ಎಂಬ ಗೆರೆಯೇನಲ್ಲ. ಸಂಜೆಯೊಂದಕ್ಕೆ ನೂರಾರು ಗುಂಡು ಹಾರಿಸುವವರ ಕಿವಿ ಅದಕ್ಕಿಂತ ಕೆಳಗೂ ಕೆಡಬಹುದು.

ಶಬ್ದವೇಗಕ್ಕಿಂತ ನಿಧಾನದ ತೋಟಾ ಹಾಕಿದ .22 ರೈಫಲ್ ಸಪ್ರೆಸರಿನೊಡನೆ 116ರ ಆಸುಪಾಸಿನಲ್ಲಿತ್ತು. ಅದರ ಬಗ್ಗೆ ಯಾರಿಗೂ ತಕರಾರು ಇರಲಿಲ್ಲ.

ನೆರೆಮನೆಗಳು

ಎರಡು ಮನೆಗಳಲ್ಲಿ ಒಂದು ಗುಂಡು ಹಾರಿಸುವ ಸಾಲಿನ ಹಿಂದೆ, ಇನ್ನೊಂದು ಗುರಿಯ ಕಡೆ ಬಲಕ್ಕೆ, ಜೋಳದ ಹೊಲದ ಆಚೆ. ಇಲ್ಲಿ ಸದ್ದು ಸಾಕಷ್ಟು ತಗ್ಗಿರುವುದರಿಂದ ಸಾಮಾನ್ಯ ಒಳ್ಳೆಯ ಮಾಪಕ ಸಾಕು. ಕಾರ್ಯದರ್ಶಿಯವರ ಮಾಪಕಕ್ಕೆ ಕೊನೆಗೂ ತಕ್ಕ ಕೆಲಸ ಸಿಕ್ಕಿತು.

ಹಿಂದಿನ ಮನೆಯ ಬೇಲಿಯಲ್ಲಿ ಸಪ್ರೆಸರ್ ಹಾಕಿದ .308ರ ಸದ್ದು ರಸ್ತೆಯ ಲಾರಿಗಳ ಸದ್ದಿನಲ್ಲಿ ಕರಗಿಹೋಯಿತು. ಆ ಮನೆಯ ಯಜಮಾನ ಶುರು ಮಾಡುವುದು ಯಾವಾಗ ಎಂದು ಕೇಳಿದಾಗ ನಾಲ್ಕೈದು ಗುಂಡು ಹಾರಿಯಾಗಿತ್ತು. ಹೊಲದಾಚೆಯ ಮನೆಯಲ್ಲಿ ಸಪ್ರೆಸರ್ ಇದ್ದರೂ ಇಲ್ಲದಿದ್ದರೂ ಹೆಚ್ಚೂಕಡಿಮೆ ಅಷ್ಟೇ ಸದ್ದು. ಆ ಮನೆಯ ಹಿರಿಯ ಹೆಂಗಸು ಅಂಗಳದಲ್ಲಿ ಕೈಕಟ್ಟಿ ನಿಂತು, “ಏನೂ ಬದಲಾಗಿಲ್ಲವಲ್ಲ?” ಎಂದರು.

ಅವರಿಗೆ ಕೇಳುತ್ತಿದ್ದದ್ದು ನಳಿಗೆಯ ಸದ್ದಲ್ಲ, ಗುಂಡಿನದು. ಶಬ್ದಕ್ಕಿಂತ ವೇಗವಾಗಿ ಹೋಗುವ ಗುಂಡು ದಾರಿಯುದ್ದಕ್ಕೂ ತನ್ನದೇ ಆಘಾತ ತರಂಗವನ್ನು ಎಳೆದುಕೊಂಡು ಹೋಗುತ್ತದೆ. ಚಾಟಿ ಬೀಸಿದಂಥ ಆ ಚಟಾರ್ ಮುಂದಕ್ಕೂ ಪಕ್ಕಕ್ಕೂ ಹರಡುತ್ತದೆ, ಹಿಂದಕ್ಕೆ ಬರುವುದಿಲ್ಲ. ನಳಿಗೆಯ ತುದಿಗೆ ಏನು ಸಿಕ್ಕಿಸಿದರೂ ಅದರ ಮೇಲೆ ಪರಿಣಾಮವಿಲ್ಲ. ಒಂದೇ ಸಪ್ರೆಸರ್ ಒಂದು ಮನೆಯ ದೂರನ್ನು ತೀರಿಸಿತು, ಇನ್ನೊಂದನ್ನು ಮುಟ್ಟಲೂ ಇಲ್ಲ.

ಕ್ಲಬ್ಬು ಏನು ಮಾಡಿತು

ಇಯರ್‌ಮಫ್ ನಿಯಮ ಯಾವ ವಿನಾಯಿತಿಯೂ ಇಲ್ಲದೆ ಉಳಿಯಿತು. .22ಕ್ಕಾದರೂ ಬಿಡಬಹುದಿತ್ತಲ್ಲ ಎಂದು ತರಬೇತುದಾರರು ಕೇಳಿದರು. ಅಧ್ಯಕ್ಷೆ ಕೊಟ್ಟ ಕಾರಣ ನನಗೂ ಹೊಳೆದಿರಲಿಲ್ಲ: ಪಕ್ಕದ ಬೆಂಚಿನವನು ಸಪ್ರೆಸರ್ ಇಲ್ಲದ .308 ತರಬಹುದು. ರೇಂಜಿನಲ್ಲಿ ನಿಮ್ಮ ಕಿವಿಯ ಪಾಡನ್ನು ನಿರ್ಧರಿಸುವುದು ನಿಮ್ಮ ಬಂದೂಕಲ್ಲ, ಆ ಹೊತ್ತಿನಲ್ಲಿ ಸಾಲಿನಲ್ಲಿರುವ ಅತಿ ಜೋರಿನ ಬಂದೂಕು. ಹೊಸಬರ ತರಬೇತಿಗೆ ಮಾತ್ರ .22 ಮತ್ತು ನಿಧಾನದ ತೋಟಾದ ಪ್ರತ್ಯೇಕ ಅವಧಿ ಇಟ್ಟರು. ಇಯರ್‌ಮಫ್ ಅಲ್ಲೂ ಇರುತ್ತದೆ, ಆದರೆ ತರಬೇತುದಾರರ ಮಾತು ಕೇಳುವಷ್ಟು ಸದ್ದು ಇಳಿದಿದೆ.

ತಗಡಿನ ಒಳಮೈಗೂ ವಿಭಜಕಗಳಿಗೂ ಸದ್ದು ಹೀರುವ ಹಲಗೆ ಬಡಿಸಿದರು. ಮರುಮಾಪನದಲ್ಲಿ ಕಿವಿಯ ಅಂಕಿಗಳು ಬಯಲಿನ ಅಂಕಿಗಳ ಹತ್ತಿರಕ್ಕೆ ಇಳಿದವು. ಸಪ್ರೆಸರ್ ಇಲ್ಲದವರಿಗೂ ಇದರಿಂದ ಲಾಭವಾಯಿತು. ಕೊಟ್ಟ ಹಣಕ್ಕೆ ಅತಿ ಹೆಚ್ಚು ಫಲ ಬಂದದ್ದು ಈ ಹಲಗೆಗಳಿಂದಲೇ ಎಂದು ನನ್ನ ಎಣಿಕೆ.

ವ್ಯಾಪಾರಿ ಕೆಲವು ವಾರ ಮುನಿಸಿಕೊಂಡಿದ್ದರು. ಆಮೇಲೆ ಫಲಕವನ್ನು ಬದಲಿಸಿದರು. ‘30 ಡೆಸಿಬೆಲ್’ ಹಾಗೆಯೇ ಇದೆ; ಕೆಳಗೆ ರೈಫಲ್, ತೋಟಾ, ಮೈಕ್ರೊಫೋನಿನ ಸ್ಥಾನ, ಮೊದಲ ಗುಂಡಿನ ಅಂಕಿ, ಅಂದಿನ ಉಷ್ಣಾಂಶ ಎಲ್ಲ ಸಣ್ಣಕ್ಷರದಲ್ಲಿವೆ. ಯಾರೂ ಅದನ್ನು ಓದುವುದಿಲ್ಲ ಎನ್ನುವುದು ಅವರ ದೂರು. ಇರಬಹುದು.

ಹೊಲದಾಚೆಯ ಮನೆಯ ಸಮಸ್ಯೆ ಬಗೆಹರಿದಿಲ್ಲ. ಬಲಬದಿಯ ಮಣ್ಣಿನ ದಿಬ್ಬವನ್ನು ಗುಂಡಿನ ದಾರಿಯುದ್ದಕ್ಕೂ ಎತ್ತರಿಸಿದರೆ ಚಟಾರ್ ಸದ್ದು ತಗ್ಗಬಹುದು ಎಂದು ಬರೆದುಕೊಟ್ಟಿದ್ದೇನೆ. ಮಣ್ಣು ಹೊಡೆಸುವ ಖರ್ಚು ಹಲಗೆಗಳ ಖರ್ಚಿನ ಹಲವು ಪಟ್ಟು ಆಗುತ್ತದೆ ಎಂದು ಸಮಿತಿ ತಲೆ ಕೆರೆದುಕೊಳ್ಳುತ್ತಿದೆ. ಅಲ್ಲಿಯವರೆಗೆ ಭಾನುವಾರ ಮಧ್ಯಾಹ್ನದ ತನಕ .22 ಬಿಟ್ಟು ಬೇರೆ ರೈಫಲ್ ಬೇಡ ಎಂದು ಆ ಮನೆಯವರ ಜೊತೆ ಬಾಯಿಮಾತಿನ ಒಪ್ಪಂದವಾಗಿದೆ.